87,999ರಲ್ಲಿ ನಿಂತ ಗಾಡಿ

ಅಪ್ಪಯ್ಯನ ಪೆಟ್ರೋಲ್ ಪುಸ್ತಕದಲ್ಲಿ ಒಂದೇ ಅಂಕಿ ಎರಡು ಸಲ ಬಿದ್ದಿತ್ತು. 87,999. ಅದರ ಕೆಳಗಿನ ಸಾಲಿನಲ್ಲೂ 87,999. ತಾರೀಖು ಬೇರೆ, ಲೀಟರು ಬೇರೆ, ದುಡ್ಡು ಬೇರೆ. ಕಿಲೋಮೀಟರು ಮಾತ್ರ ಅದೇ. ವಯಸ್ಸು 78 ದಾಟಿದೆ, ಕಣ್ಣಿನ ಪೊರೆ ತೆಗೆಸಿ ಇನ್ನೂ ವರ್ಷವಾಗಿಲ್ಲ, ಎಲ್ಲೋ ಮೇಲಿನ ಸಾಲನ್ನೇ ನೋಡಿ ಇಳಿಸಿದ್ದಾರೆ ಎಂದುಕೊಂಡು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಅಪ್ಪಯ್ಯ ಕಷಾಯದ ಲೋಟ ಕೆಳಗಿಟ್ಟು, "ಗಾಡಿ ಹೇಳಿದ್ದನ್ನು ಬರೆದಿದ್ದೇನೆ. ಅನುಮಾನವಿದ್ದರೆ ಗಾಡಿಯನ್ನೇ ಕೇಳು" ಎಂದರು.

ಕೇಳಿದೆ. ಹಳೆಯ ದನದ ಕೊಟ್ಟಿಗೆಯನ್ನೇ ಗಾಡಿಗೆ ಬಿಟ್ಟುಕೊಟ್ಟಿದ್ದೇವೆ. ಅಲ್ಲಿ ನಿಂತಿದ್ದ ಮಾರುತಿ 800 ತೆಗೆದುಕೊಂಡು ಶಿರಸಿ ಪೇಟೆಗೆ ಹೋಗಿ ಬಂದೆ. ಹೋಗಿ ಬರಲು 20 ಕಿಲೋಮೀಟರು. ವೇಗದ ಮುಳ್ಳು 40ಕ್ಕೆ ಏರಿತು, ತಿರುವಿನಲ್ಲಿ 20ಕ್ಕೆ ಇಳಿಯಿತು, ಎಂದಿನಂತೆ ಕೆಲಸ ಮಾಡಿತು. ಅದರ ಕೆಳಗಿನ ಅಂಕಿಗಳು ಮಾತ್ರ ಅಲುಗಾಡಲಿಲ್ಲ. ಹತ್ತಿರ ಬಗ್ಗಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಮೂರೂ ಒಂಬತ್ತುಗಳು ನೆಟ್ಟಗೆ ನಿಂತಿರಲಿಲ್ಲ. ಎಲ್ಲವೂ ಒಟ್ಟಿಗೆ ಒಂದು ಎಳೆಯಷ್ಟು ಮೇಲೆದ್ದಿದ್ದವು, ಅವುಗಳ ಕಾಲಡಿಯಲ್ಲಿ ಸೊನ್ನೆಗಳ ನೆತ್ತಿ ಇಣುಕುತ್ತಿತ್ತು. 7 ಕೂಡ ಎದ್ದು 8ಕ್ಕೆ ಜಾಗ ಬಿಡಲು ಹೊರಟಿತ್ತು. ಕಿಲೋಮೀಟರಿನ ಹತ್ತನೆಯ ಒಂದು ಪಾಲು ತೋರಿಸುವ ಕೊನೆಯ ಬಿಳಿ ಅಂಕಿಯೂ ಸೇರಿ ಐದು ಚಕ್ರಗಳು ಒಟ್ಟಿಗೆ ಉರುಳಬೇಕಾದ ಹೊತ್ತಿನಲ್ಲಿ ಯಾವುದೋ ಒಂದು ಕೈಬಿಟ್ಟಿತ್ತು.

ಈ ಗಾಡಿ 1997ರದ್ದು, ಕೆಎ 31. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ಕಂಪನಿ ಅದನ್ನು ತಯಾರಿಸುವುದನ್ನು ನಿಲ್ಲಿಸಿದ್ದು 2014ರ ಜನವರಿಯಲ್ಲಿ. ನಮ್ಮದು ನಡುವಿನ ಕಾಲದ್ದು: ಕಾರ್ಬ್ಯುರೇಟರ್ ಎಂಜಿನ್, ಗೇರ್‌ಬಾಕ್ಸಿನಿಂದ ಮೀಟರಿನವರೆಗೆ ಉದ್ದದ ಕೇಬಲ್. ಕಿಲೋಮೀಟರ್ ಅಂಕಿ ನಿಂತರೆ ಏನಾಯಿತು, ಗಾಡಿ ಓಡುತ್ತದಲ್ಲ ಎಂದು ಕೇಳಿದವರು ಬಹಳ ಜನ. ಆಯಿಲ್ ಬದಲಿಸುವುದು ಯಾವಾಗ, ಟೈಮಿಂಗ್ ಬೆಲ್ಟ್ ಹಾಕಿ ಎಷ್ಟು ಓಡಿದೆ, ಈ ಸಲದ ಪೆಟ್ರೋಲಿಗೆ ಗಾಡಿ ಎಷ್ಟು ಬಂತು, ಇದಕ್ಕೆಲ್ಲ ಇರುವ ಸಾಕ್ಷಿ ಅದೊಂದೇ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆಯಲ್ಲಿ ಆ ಪುಸ್ತಕವಿತ್ತು. ಗಾಡಿ ಮನೆಗೆ ಬಂದ ದಿನದಿಂದ ಪ್ರತಿ ಸಲ ಟ್ಯಾಂಕ್ ಬಾಯಿಮಟ್ಟ ತುಂಬಿಸಿ ಬರೆದ ಲೆಕ್ಕ. ಅಡಿಕೆ ಮಾರಿದ ಲೆಕ್ಕದ ಪುಸ್ತಕವಾದರೂ ಒಮ್ಮೆ ಕಳೆದಿತ್ತು, ಇದು ಕಳೆದಿಲ್ಲ.

ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಬಾನೆಟ್ ಎತ್ತಿ, ಕೇಳುವ ಮೊದಲೇ "ಕೇಬಲ್ ಹೋಗಿದೆ" ಎಂದ. ಕೇಬಲ್ ಹೋಗಿದ್ದರೆ ಮುಳ್ಳು ಹೇಗೆ ಏಳುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಗ್ಯಾರೇಜಿನಲ್ಲಿ ನಿಂತಾಗ ನನಗೆ ಡಾಕ್ಟರ ಎದುರು ನಿಂತ ಹಾಗೆಯೇ ಆಗುತ್ತದೆ, ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಹೊಸ ಕೇಬಲ್ ಬಂತು, ದುಡ್ಡು ಹೋಯಿತು, 87,999 ಉಳಿಯಿತು. ಮುಂದಿನ ವಾರ ಅದೇ ಹುಡುಗ ಇನ್ನೊಂದು ದಾರಿ ಹೇಳಿದ: ಗುಜರಿಯಿಂದ ಬೇರೆ ಗಾಡಿಯ ಇಡೀ ಮೀಟರು ತಂದು ಕೂರಿಸಿಬಿಡೋಣ. ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪಯ್ಯ ಒಂದೇ ಮಾತಿನಲ್ಲಿ ಮುಗಿಸಿದರು. "ಯಾರದ್ದೋ ಜಾತಕ ತಂದು ನಮ್ಮ ಗಾಡಿಗೆ ಕಟ್ಟುವುದೇ?"

ಆಮೇಲೆ ನಾನೇ ಕೂತು ಓದಿಕೊಂಡೆ. ಓದಿದ ಮೇಲೆ ಸಂಗತಿ ಎಷ್ಟು ಸರಳ ಎನಿಸಿತೆಂದರೆ, ಕೇಬಲಿಗೆ ಕೊಟ್ಟ ದುಡ್ಡಿನ ನೆನಪಾಗಿ ಹೊಟ್ಟೆ ಉರಿಯಿತು. ಗೇರ್‌ಬಾಕ್ಸಿನಿಂದ ಬಂದ ಕೇಬಲಿನ ಚೌಕ ತುದಿ ಮೀಟರಿನ ಒಳಗೆ ಒಂದು ಕಡ್ಡಿಯನ್ನು ತಿರುಗಿಸುತ್ತದೆ. ಆ ಕಡ್ಡಿಯ ತಲೆಯ ಮೇಲೆ ಅಯಸ್ಕಾಂತ. ಅದರ ಮೇಲೆ ಮುಟ್ಟದ ಹಾಗೆ ಕವುಚಿದ ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಬಟ್ಟಲನ್ನೂ ಜೊತೆಗೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ, ಅದೇ ವೇಗ. ಅಂಕಿಗಳ ದಾರಿ ಬೇರೆ. ಅದೇ ಕಡ್ಡಿಯ ಮೈಮೇಲೆ ಸ್ಕ್ರೂವಿನಂಥ ಎಳೆ ಕೊರೆದಿರುತ್ತದೆ. ಅದು ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರವನ್ನು ನಿಧಾನವಾಗಿ ತಿರುಗಿಸಿ, ಅದರಿಂದ ಇನ್ನೊಂದು, ಅದರಿಂದ ಅಂಕಿಗಳ ಉರುಳೆ. ಒಂದೇ ಮನೆಯ ಅಣ್ಣತಮ್ಮಂದಿರು, ಒಲೆ ಬೇರೆ. ಮುಳ್ಳೂ ಅಂಕಿಯೂ ಎರಡೂ ಸತ್ತರೆ ಕೇಬಲನ್ನೋ ಗೇರ್‌ಬಾಕ್ಸಿನ ಕಡೆಯ ಚಕ್ರವನ್ನೋ ನೋಡಬೇಕು. ಮುಳ್ಳು ಬದುಕಿದ್ದು ಅಂಕಿ ಮಾತ್ರ ಸತ್ತಿದ್ದರೆ ರೋಗ ಮೀಟರಿನ ಹೊಟ್ಟೆಯೊಳಗೇ ಇದೆ.

ಜನವರಿಯ ಒಂದು ಭಾನುವಾರ ಬಿಚ್ಚಲು ಕೂತೆ. ಕೊನೆಕೊಯ್ಲು ನಡೆದಿತ್ತು, ಅಂಗಳದ ತುಂಬ ಅಡಿಕೆ ಸುಲಿಯುವವರು. ಅವರಿಗೆ ನನ್ನ ಕೆಲಸವೇ ಆ ದಿನದ ಮನರಂಜನೆ. ಮೊದಲು ಬ್ಯಾಟರಿಯ ಋಣ ತುದಿಯ ವಯರು ಬಿಡಿಸಿದೆ. ಸ್ಟೀರಿಂಗಿನ ಹಿಂದಿನ ಮುಸುಕಿನ ಸ್ಕ್ರೂ, ಆಮೇಲೆ ಮೀಟರಿನದೇ ಸ್ಕ್ರೂ. ತೆಗೆದದ್ದನ್ನೆಲ್ಲ ಹಾಕಲು ಒಂದು ಅಡಿಕೆ ಹಾಳೆ ಹಾಸಿಕೊಂಡಿದ್ದೆ. ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ, ಆದರೆ ಹಾಳೆಗಿಂತ ಒಳ್ಳೆಯ ತಟ್ಟೆ ಇಲ್ಲ. ಒಳಮೈ ಬಿಳಿ, ಎಷ್ಟು ಸಣ್ಣ ಕರಿ ಸ್ಕ್ರೂ ಇದ್ದರೂ ಕಣ್ಣಿಗೆ ಹೊಡೆಯುತ್ತದೆ. ಅಂಚು ತಾನಾಗಿ ಮಡಚಿಕೊಂಡಿರುವುದರಿಂದ ಉರುಳಿ ಹೋಗುವುದಿಲ್ಲ.

ಮೀಟರು ಎರಡು ಬೆರಳಿನಷ್ಟು ಮುಂದೆ ಬಂದು ನಿಂತಿತು. ಹಿಂದೆ ಕೇಬಲ್ ಹಿಡಿದುಕೊಂಡಿತ್ತು, ಅದನ್ನು ಬಿಡಿಸಲು ನನ್ನ ಕೈ ಸಂದಿಯಲ್ಲಿ ಹೋಗುತ್ತಿರಲಿಲ್ಲ. ಎಳೆದರೆ ಏನಾದರೂ ಮುರಿಯುವ ಭಯ. ಮಗಳನ್ನು ಕರೆದೆ. ಅವಳಿಗೆ 11 ವರ್ಷ, ಕೈ ನನ್ನದರ ಅರ್ಧ. ನಾನು ಎಂಜಿನ್ ಕಡೆಯಿಂದ ಕೇಬಲನ್ನು ರಬ್ಬರ್ ಬಿರಡೆಯ ಮೂಲಕ ಒಳಕ್ಕೆ ತಳ್ಳುತ್ತಾ ಹೋದೆ, ಅವಳು ಒಳಗೆ ಕೂತು ಹಿಂದಿನ ಪ್ಲಾಸ್ಟಿಕ್ ಕೊಂಡಿಯನ್ನು ಒತ್ತಿ ಹಿಡಿದಳು. ಟಕ್ ಎಂದು ಬಿಟ್ಟುಕೊಂಡಿತು. ದೀಪದ ವಯರುಗಳ ಜೋಡಣೆ ಕಳಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡೆ. ಆ ದಿನ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಏಕೆಂದರೆ ಮುಂದಿನದು ಬರಿಯ ಅಧಿಕಪ್ರಸಂಗ. ಮೀಟರಿನ ಮುಂದಿನ ಪಾರದರ್ಶಕ ಮುಚ್ಚಳ ತೆಗೆದವನು ಸುಮ್ಮನಿರದೆ, ಹಿಡಿಕಡ್ಡಿಯ ತುದಿಯಿಂದ ಆ ಒಂಬತ್ತುಗಳನ್ನು ಮೆಲ್ಲಗೆ ಮೇಲಕ್ಕೆ ದಬ್ಬಿ ನೋಡಿದೆ. ಒಂದು ಒಂಬತ್ತು ಮಾತ್ರ ಕಟಕ್ಕೆಂದು ಅರ್ಧ ಹಾರಿ ಓರೆಯಾಗಿ ಕೂತಿತು. ಉಳಿದವು ಅಲುಗಲಿಲ್ಲ. ಅಷ್ಟರಲ್ಲಿ ಅಪ್ಪಯ್ಯ ಬಂದು ನೋಡಿ ಏನೂ ಹೇಳದೆ ಹೋದರು. ಬೈದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಕುಮಟಾದಲ್ಲಿ ಗಡಿಯಾರ ರಿಪೇರಿಯ ಶೇಟರೊಬ್ಬರು ಗಾಡಿಯ ಮೀಟರನ್ನೂ ನೋಡುತ್ತಾರೆ ಎಂದು ಹೇಳಿದವರು ಅಡಿಕೆ ಸುಲಿಯಲು ಬಂದಿದ್ದ ಹೆಂಗಸೊಬ್ಬರು. ಅವರ ತಮ್ಮನ ಟೆಂಪೋದ ಮೀಟರು ಅಲ್ಲೇ ಸರಿಯಾಗಿತ್ತಂತೆ. ಮರುದಿನ ಮೀಟರನ್ನು ಪಂಜಿಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು, ಶಿರಸಿಯಿಂದ ಬಸ್ಸು ಹತ್ತಿದೆ. ರಾಗಿಹೊಸಳ್ಳಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಕತಗಾಲ ಬಂದಾಗ ಕಿಟಕಿಯಿಂದ ಬಿಸಿಗಾಳಿ. ಸುಮಾರು 60 ಕಿಲೋಮೀಟರು ಪ್ರಯಾಣ ಮಾಡಿತು ನಮ್ಮ ಮೀಟರು, ಒಂದನ್ನೂ ಎಣಿಸದೆ.

ಶೇಟರ ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಮೇಜು, ಮೇಜಿಗೆ ಬಾಗಿದ ದೀಪ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನನ್ನನ್ನು ನೋಡಿದರು. ಮೀಟರನ್ನು ಕೈಗೆ ತೆಗೆದುಕೊಂಡು ಮೊದಲು ಮಾಡಿದ ಕೆಲಸ ನನಗೆ ವಿಚಿತ್ರವೆನಿಸಿತು. ಮೂಸಿ ನೋಡಿದರು.

"ತೆಂಗಿನೆಣ್ಣೆ ಹಾಕಿದವರು ಯಾರು?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಆರು ವರ್ಷದ ಹಿಂದೆ ಚಳಿಗಾಲದಲ್ಲಿ ಮುಳ್ಳು ನಡುಗುತ್ತಿತ್ತು, ಡ್ಯಾಶ್‌ಬೋರ್ಡಿನ ಹಿಂದೆ ಕಿರ್ ಕಿರ್ ಸದ್ದು. ಕೇಬಲ್ ಒಣಗಿದೆ ಎಂದು ತಿಳಿದು ಅದರ ಮೇಲ್ತುದಿ ಬಿಚ್ಚಿ, ಮನೆಯ ಗಾಣದ ಎಣ್ಣೆಯನ್ನು ಧಾರಾಳವಾಗಿ ಎರೆದವನು ನಾನೇ. ಸದ್ದು ನಿಂತಿತ್ತು. ನಾನದನ್ನು ಎರಡು ಮೂರು ಮದುವೆ ಮನೆಗಳಲ್ಲಿ ಹೇಳಿಕೊಂಡೂ ಇದ್ದೆ.

"ನಾನೇ, ಶೇಟರೇ."

"ಹಾಗಾದರೆ ಕೇಳಿ ಭಟ್ಟರೇ," ಎಂದು ಅವರು ಶುರುಮಾಡಿದರು, ಕೈ ಮಾತ್ರ ನಿಲ್ಲಿಸಲಿಲ್ಲ. ಒಳಗಿನ ಕೇಬಲ್ ಹುರಿ ಹೊಸೆದ ತಂತಿ. ಅದು ತಿರುಗುತ್ತಾ ಎಣ್ಣೆಯನ್ನು ಮೆಟ್ಟಿಲು ಹತ್ತಿಸಿದ ಹಾಗೆ ಮೇಲಕ್ಕೆ ಹತ್ತಿಸುತ್ತದೆ, ನೇರ ಮೀಟರಿನೊಳಕ್ಕೆ. ಅಲ್ಲಿ ಹೋದ ಎಣ್ಣೆ ಧೂಳು ಹಿಡಿದು, ಕಮಟಾಗಿ, ಅಂಟಾಗುತ್ತದೆ. ಘಟ್ಟದ ಮೇಲಿನ ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದಂತೂ ತಲೆಗೆ ಹಚ್ಚಿಕೊಳ್ಳುವವರಿಗೆಲ್ಲ ಗೊತ್ತು. ಒಂದು ಅಂಕಿ ಉರುಳುವಾಗ ಅಂಟಿದ್ದರೂ ಹೇಗೋ ನಡೆಯುತ್ತದೆ. ಒಂಬತ್ತುಗಳ ಸಾಲು ಬಂದಾಗ ಎಲ್ಲ ಉರುಳೆಗಳನ್ನೂ ಒಟ್ಟಿಗೆ ಎತ್ತುವ ಭಾರ ಒಂದು ಪುಟ್ಟ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರ ಹಳೆಯ ಪ್ಲಾಸ್ಟಿಕ್ಕಿನದು. ಕೇಬಲಿಗೆ ಹಾಕುವುದಾದರೆ ತೆಳ್ಳಗೆ ಗ್ರೀಸು, ಅದೂ ಮೀಟರಿನ ಕಡೆಯ ಒಂದು ಗೇಣು ಬಿಟ್ಟು. ಅವರು ಹೇಳಿದ್ದು ಇಷ್ಟು. ನಾನು ಹೂಂ ಎಂದೆ.

ಅಂಕಿಗಳನ್ನು ತಲುಪಲು ಮುಳ್ಳು ತೆಗೆಯಲೇಬೇಕಿತ್ತು. ಇಲ್ಲಿ ಶೇಟರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಮುಳ್ಳು ಸೊನ್ನೆಯ ಹತ್ತಿರ ಒಂದು ಸಣ್ಣ ಕಡ್ಡಿಗೆ ಒರಗಿ ನಿಂತಿರುತ್ತದೆ. ಅವರು ಅದನ್ನು ಕಡ್ಡಿಯ ಮೇಲಿಂದ ಮೆಲ್ಲಗೆ ಎತ್ತಿ ಆಚೆಗೆ ಬಿಟ್ಟರು. ಅದು ಇನ್ನಷ್ಟು ಕೆಳಗೆ ಇಳಿದು, ತೂಗಿ, ನಿಂತಿತು. ಸ್ಪ್ರಿಂಗಿಗೆ ಯಾವ ಒತ್ತಡವೂ ಇಲ್ಲದ ಜಾಗ ಅದು. ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ತಿರುಗಿ ಹಾಕುವಾಗ ಮುಳ್ಳನ್ನು ಆ ಚುಕ್ಕೆಗೆ ಕೂರಿಸಿ ಆಮೇಲೆ ಕಡ್ಡಿ ದಾಟಿಸಬೇಕು, ಸೊನ್ನೆಗೆ ಕೂರಿಸಿದರೆ ಗಾಡಿ ಆಯುಷ್ಯ ಪೂರ್ತಿ ತಪ್ಪು ವೇಗ ತೋರಿಸುತ್ತದೆ. ಅಂಕಿಫಲಕಕ್ಕೆ ಗೀರು ಬೀಳದಂತೆ ಕೆಳಗೆ ಕಾಗದ ಹಾಸಿ, ಎರಡು ಚಹಾ ಚಮಚಗಳನ್ನು ಎದುರುಬದುರಾಗಿ ಮುಳ್ಳಿನ ಬುಡಕ್ಕೆ ಕೊಟ್ಟು, ಎರಡೂ ಕೈಯಿಂದ ಸಮವಾಗಿ ಒತ್ತಿದರು. ಮುಳ್ಳು ಮೇಲೆದ್ದು ಬಂತು. ಚಮಚಗಳನ್ನು ಒರೆಸಿ ಮತ್ತೆ ಸಕ್ಕರೆ ಡಬ್ಬಿಯ ಪಕ್ಕದಲ್ಲಿಟ್ಟರು.

ಒಳಗಿನ ಚಕ್ರವನ್ನು ಚಿಮುಟದಿಂದ ಹಿಡಿದು ದೀಪಕ್ಕೆ ತೋರಿಸಿದರು. ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು, ಹಳದಿಗಟ್ಟಿದ ಬಿಳಿ. ನಡುವಿನ ತೂತಿನಿಂದ ಅಂಚಿನವರೆಗೆ ಕೂದಲಿನಂಥ ಸೀಳು. ಹಲ್ಲುಗಳೆಲ್ಲ ಇದ್ದವು, ಹಿಡಿತ ಹೋಗಿತ್ತು. ಚಕ್ರ ತಿರುಗುತ್ತಿತ್ತು, ಒಳಗಿನ ಕಂಬಿಯನ್ನು ತಿರುಗಿಸದೆ ಅದರ ಮೇಲೆ ಸುಮ್ಮನೆ ಜಾರುತ್ತಿತ್ತು.

ಅಂಟಿಸಿದರೆ ನಡೆಯುವುದಿಲ್ಲವೇ ಎಂದೆ. ನಡೆಯುತ್ತದೆ, ಮುಂದಿನ ಒಂಬತ್ತುಗಳವರೆಗೆ ಎಂದರು. ಮೇಜಿನ ಕೆಳಗಿನಿಂದ ಬಿಸ್ಕತ್ತಿನ ತಗಡಿನ ಡಬ್ಬಿ ಎಳೆದರು. ಅದರ ತುಂಬ ಸತ್ತ ಮೀಟರುಗಳು. ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಚಕ್ರ ಬೇರೆ ಇರಬಹುದು ಎಂದು, ನಮ್ಮ ಚಕ್ರದ ಒಂದು ಹಲ್ಲಿಗೆ ಶಾಯಿ ಹಚ್ಚಿ ಅಲ್ಲಿಂದ ಎಣಿಸಲು ಶುರುಮಾಡಿದರು. ತುಟಿ ಅಲ್ಲಾಡುತ್ತಿತ್ತು, ಸೂಜಿಯ ತುದಿ ಹಲ್ಲಿನಿಂದ ಹಲ್ಲಿಗೆ. ಒಮ್ಮೆ ಎಣಿಸಿ, ನನ್ನನ್ನೂ ಎಣಿಸಲು ಹೇಳಿದರು. 20 ಬಂತು. ಡಬ್ಬಿಯಲ್ಲಿ ಮೊದಲು ಸಿಕ್ಕ ಚಕ್ರಕ್ಕೆ 21. ಕಣ್ಣಳತೆಗೆ ಎರಡೂ ಒಂದೇ. ಅದನ್ನು ಹಾಕಿದ್ದರೆ 100 ಕಿಲೋಮೀಟರು ಓಡಿದ ಗಾಡಿ 95 ಎಂದು ಹೇಳುತ್ತಾ ಇರುತ್ತಿತ್ತು, ನಾವು ಎಂಜಿನ್ ಸೊರಗಿದೆ ಎಂದು ಗ್ಯಾರೇಜು ಸುತ್ತುತ್ತಿದ್ದೆವು. ಮೂರನೆಯ ಮೀಟರಿನಲ್ಲಿ 20ರದ್ದು ಸಿಕ್ಕಿತು.

ಅಂಟನ್ನೆಲ್ಲ ತೊಳೆದು, ಒಣಗಿಸಿ, ತಿರುಗುವ ತುದಿಗಳಿಗೆ ಮಾತ್ರ ಗಡಿಯಾರದ ಎಣ್ಣೆ ಸೂಜಿಯಿಂದ ಮುಟ್ಟಿಸಿದರು. ಅಂಕಿಯ ಉರುಳೆಗಳು ಒಣಗಿಯೇ ಇರಬೇಕಂತೆ. ನಾನು ಓರೆ ಮಾಡಿದ್ದ ಒಂಬತ್ತನ್ನು ಸಾಲಿಗೆ ತರುವಾಗ ತಲೆಯೆತ್ತಿ, "ಇದು ಹೇಗಾಯಿತು?" ಎಂದರು. ಮಗಳು ಮಾಡಿದಳು ಎಂದೆ. ದೇವರು ಕ್ಷಮಿಸಲಿ.

ಉರುಳೆಗಳು ಬಿಡಿಯಾಗಿ ಅವರ ಕೈಯಲ್ಲಿದ್ದವು. "ಯಾವ ಅಂಕಿ ಇಡಲಿ?" ಎಂದರು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ. ಬರುವವರಲ್ಲಿ ಹೆಚ್ಚಿನವರು ಕಡಿಮೆ ಮಾಡಿಸಿಕೊಂಡು ಹೋಗುತ್ತಾರೆ, ಗಾಡಿ ಮಾರುವಾಗ ಅನುಕೂಲವೆಂದು. ತಾನು ಆ ಕೆಲಸ ಮಾಡುವುದಿಲ್ಲ, ಆದರೆ ನಿಂತಾಗ ಓಡಿದ್ದನ್ನು ಸೇರಿಸಬೇಕೆಂದರೆ ಸೇರಿಸಿಕೊಡುತ್ತೇನೆ ಎಂದರು. ನಾನು ಅದಕ್ಕೆ ತಯಾರಾಗಿಯೇ ಹೋಗಿದ್ದೆ. ಪುಸ್ತಕದ ಪ್ರಕಾರ ಮೊದಲನೆಯ 87,999ರ ಹಿಂದಿನ ಸಾಲು 87,702. ಆ ಸಲ ಹಿಡಿಸಿದ ಪೆಟ್ರೋಲು 18.5 ಲೀಟರು. ಲೀಟರಿಗೆ 16 ಬಿತ್ತು, ನಮ್ಮ ಘಟ್ಟದ ರಸ್ತೆಗೆ ಯಾವಾಗಲೂ ಬರುವಷ್ಟೇ. ಅಂದರೆ ಅಂಕಿ ನಿಂತದ್ದು ಪೆಟ್ರೋಲ್ ಬಂಕಿಗೆ ಹೋಗುವ ಸ್ವಲ್ಪ ಮೊದಲು. ಅಲ್ಲಿಂದ ಮೀಟರು ಬಿಚ್ಚುವವರೆಗೆ ಹಿಡಿಸಿದ್ದು 96 ಲೀಟರು. 16ರಿಂದ ಗುಣಿಸಿದರೆ 1,536. ಹಾಗಾಗಿ 89,535 ಇಡಿ ಎನ್ನಲು ಬಾಯಿ ತೆರೆದವನು, ಯಾವುದಕ್ಕೂ ಇರಲಿ ಎಂದು ಮನೆಗೆ ಫೋನ್ ಮಾಡಿದೆ.

ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡರು. "ಅಂದಾಜನ್ನು ಮೀಟರಿಗೆ ಏಕೆ ಹಾಕುತ್ತೀಯೋ? ಅದು ಕಂಡಷ್ಟನ್ನು ಅದು ಹೇಳಲಿ. ಅಂದಾಜು ಬರೆಯಲು ಪುಸ್ತಕ ಇದೆಯಲ್ಲ" ಎಂದು ಫೋನ್ ಇಟ್ಟರು. ಶೇಟರಿಗೆ ದನಿ ಕೇಳಿಸಿತ್ತು. ನಾನು ಏನೂ ಹೇಳುವ ಮೊದಲೇ 87,999 ಜೋಡಿಸತೊಡಗಿದರು.

ಪರೀಕ್ಷೆಗೆ ಅವರದೇ ಒಂದು ಉಪಾಯವಿತ್ತು. ಹಳೆಯ ಕೇಬಲಿನ ಚೌಕ ತುಂಡೊಂದನ್ನು ಡ್ರಿಲ್ ಯಂತ್ರದ ಬಾಯಿಗೆ ಕಚ್ಚಿಸಿ, ಅದನ್ನು ಮೀಟರಿನ ಹಿಂದೆ ತೂರಿಸಿದರು. ಗುಂಡಿ ಮೆಲ್ಲಗೆ ಒತ್ತುತ್ತಾ ಮುಳ್ಳನ್ನು 60ಕ್ಕೆ ತಂದು ನಿಲ್ಲಿಸಿದರು. 60ರ ವೇಗವೆಂದರೆ ನಿಮಿಷಕ್ಕೆ ಒಂದು ಕಿಲೋಮೀಟರು. ಗೋಡೆಯ ಗಡಿಯಾರದಲ್ಲಿ ನಿಮಿಷವಾದಾಗ ಅಂಕಿಯೂ ಒಂದು ದಾಟಿದ್ದರೆ ಮುಳ್ಳೂ ಸರಿ, ಅಂಕಿಯೂ ಸರಿ. ಜಪಾನಿನ ಮಾನಕದ ಮೀಟರುಗಳಿಗೆ ಇದು ನಿಮಿಷಕ್ಕೆ 637 ಸುತ್ತು ಎಂದು ನಾನು ಓದಿದ್ದನ್ನು ಹೇಳಿದೆ. ಅವರು ಇರಬಹುದು ಎಂದರು, ಗಡಿಯಾರ ನೋಡುವುದನ್ನು ಬಿಡಲಿಲ್ಲ.

ಕೊನೆಯ ಬಿಳಿ ಅಂಕಿ 7 ದಾಟಿತು, 8 ದಾಟಿತು, 9 ಬಂತು. ಇಬ್ಬರೂ ಬಗ್ಗಿದೆವು. ಮೂರು ಒಂಬತ್ತುಗಳೂ ಒಟ್ಟಿಗೆ ತಲೆಯೆತ್ತಿದವು, 7 ಎದ್ದಿತು, ಮೂರು ತಿಂಗಳಿನಿಂದ ನಾನು ನೋಡುತ್ತಿದ್ದ ಅದೇ ಅರ್ಧ ಸ್ಥಿತಿಗೆ ಬಂದವು, ಅಲ್ಲಿ ನಿಲ್ಲದೆ ಮೇಲೆ ಹೋದವು. 88,000. ಪಕ್ಕದ ಮೊಬೈಲ್ ಅಂಗಡಿಯ ಹುಡುಗನೂ ಬಂದು ನೋಡುತ್ತಿದ್ದ. ಶೇಟರು ಸಮಾಧಾನವಾಗದೆ ಇನ್ನೂ ಮೂರು ನಿಮಿಷ ತಿರುಗಿಸಿದರು. 450 ರೂಪಾಯಿ ತೆಗೆದುಕೊಂಡು, ಒಡೆದ ಚಕ್ರವನ್ನು ಕಾಗದದಲ್ಲಿ ಮಡಚಿ ನನ್ನ ಕೈಗೇ ಕೊಟ್ಟರು.

ತಿರುಗಿ ಜೋಡಿಸುವುದು ಬಿಚ್ಚಿದ್ದಕ್ಕಿಂತ ಬೇಗ ಆಯಿತು. ಹಾಳೆಯಲ್ಲಿ ಒಂದು ಸ್ಕ್ರೂ ಉಳಿದಿದೆ, ಅದು ಎಲ್ಲಿಯದು ಎಂದು ಇಂದಿಗೂ ಗೊತ್ತಾಗಿಲ್ಲ. ಗಾಡಿಗೇನೂ ಆಗಿಲ್ಲ.

ಸಿದ್ದಾಪುರದ ರಸ್ತೆಯಲ್ಲಿ ಕಿಲೋಮೀಟರು ಕಲ್ಲುಗಳನ್ನು ಹಿಡಿದು ನೋಡಲು ಅಪ್ಪಯ್ಯನನ್ನೂ ಕೂರಿಸಿಕೊಂಡು ಹೋದೆ. ಕಲ್ಲು ಬಂದಾಗಲೆಲ್ಲ ಅವರು "ಹೂಂ" ಎನ್ನುವುದು, ನಾನು ಬಿಳಿ ಅಂಕಿ ಓದುವುದು. ಒಂದು ಕಲ್ಲು ಗಿಡಗಂಟಿಯಲ್ಲಿ ಮುಚ್ಚಿಹೋಗಿತ್ತು, ಅದನ್ನು ಬಿಟ್ಟು ಮುಂದಿನದಕ್ಕೆ ಹೋದೆವು. ಕಲ್ಲಿನ ಲೆಕ್ಕದ 10 ಕಿಲೋಮೀಟರಿಗೆ ಮೀಟರು 10.1 ತೋರಿಸಿತು. ಟೈರು ಸವೆದು ಸುತ್ತಳತೆ ಸಣ್ಣದಾದರೆ ಚಕ್ರ ಹೆಚ್ಚು ಸುತ್ತಬೇಕಾಗುತ್ತದೆ, ಅಷ್ಟು ಹೆಚ್ಚು ಬರುವುದು ಸಹಜ. ಅಪ್ಪಯ್ಯ ಟೈರು ಯಾವಾಗ ಹಾಕಿಸಿದ್ದು ಎಂದು ಪುಸ್ತಕದ ಹಿಂದಿನ ಪುಟ ತಿರುವಿದರು.

ಬರುವಾಗ ಶಿರಸಿಯಲ್ಲಿ ಪೆಟ್ರೋಲ್ ಹಾಕಿಸಿದೆವು. ಬಂಕಿನಲ್ಲೇ, ಬಾನೆಟ್ ಮೇಲೆ ಪುಸ್ತಕ ಇಟ್ಟುಕೊಂಡು ಅವರು ಮೊದಲು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರು: ಮೀಟರು ನಿಂತಾಗ ಓಡಿದ್ದು ಅಂದಾಜು 1,536. ಅದರ ಕೆಳಗೆ ನೀಲಿಯಲ್ಲಿ ತಾರೀಖು, ಲೀಟರು, 88,041. ಪೆನ್ನು ಮುಚ್ಚಿದವರು ಏನೋ ನೆನಪಾಗಿ ಮತ್ತೆ ತೆರೆದು, ಅಂಚಿನಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದರು: ಇದರಲ್ಲಿ 3 ಕಿ.ಮೀ. ಕುಮಟಾದ ಶೇಟರ ಅಂಗಡಿಯಲ್ಲಿ, ಕೂತಲ್ಲೇ.